ಡಿಗ್ರಿ ಆಯಿತು, ಇನ್ನು ಮುಂದೆ?

ಡಿಗ್ರಿಯ ಕೊನೆಯ ಪರೀಕ್ಷೆ ಮುಗಿದ ವಾರದಲ್ಲಿ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ, ನೀವೇ ಬಲ್ಲಿರಿ. ಮಗನಾದರೆ ಗಲ್ಫ್‌ನಲ್ಲಿರುವ ಮಾವನಿಗೆ ಫೋನ್ ಹೋಗುತ್ತದೆ. ಮಗಳಾದರೆ ಬ್ರೋಕರ್‌ಗೆ. "ನಿನಗೇನು ಮಾಡಬೇಕೆಂದಿದೆ?" ಎಂದು ಅವರನ್ನು ಕೂರಿಸಿ ಕೇಳುವ ಹೆತ್ತವರು ಇಲ್ಲವೆಂದಲ್ಲ, ಆದರೆ ಕಡಿಮೆ. ಕೇಳಿದರೂ ಊಟದ ಹೊತ್ತಿನಲ್ಲಿ ಕೇಳುತ್ತಾರೆ. ಉತ್ತರ ಬರುವ ಮೊದಲೇ ಮಾತು ಬೇರೆ ಕಡೆಗೆ ಹೊರಳಿರುತ್ತದೆ.

ಮದ್ರಸದಲ್ಲಿ ಕಲಿತು ಹೋದ ಮಕ್ಕಳು ಡಿಗ್ರಿ ಮುಗಿಸಿದ ಮೇಲೆ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುವುದುಂಟು. ನಾನೂ ಕೆಲಸದ ನಡುವೆಯೇ ಬಿ.ಎ. ಪರೀಕ್ಷೆಗೆ ಕಟ್ಟಿ ಪಾಸಾದವನು ಎಂಬ ಸಲಿಗೆ. "ಉಸ್ತಾದ್, ಮುಂದೇನು ಮಾಡಲಿ?" ಎಂದು ಕೇಳುತ್ತಾರೆ. "ಮೊದಲು ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡ್ ತೆಗೆದುಕೊಂಡು ಬಾ" ಎನ್ನುತ್ತೇನೆ. ಅವರಿಗೆ ನಗು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಗು ನಿಲ್ಲುತ್ತದೆ.

ನಮ್ಮ ಮಕ್ಕಳ ಹೆಸರುಗಳನ್ನೇ ನೋಡಿ. ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಮತ್ತೊಂದು ಕಡೆ ಬರೀ ಎಂ. ಹುಡುಗಿಯಾದರೆ ಶಾಲೆಯಲ್ಲಿ ಫಾತಿಮತ್, ಆಧಾರ್‌ನಲ್ಲಿ ಫಾತಿಮಾ, ಪಾಸ್‌ಪೋರ್ಟ್‌ನಲ್ಲಿ ಫಾತಿಮಾ ಬಾನು. ಮನೆಯಲ್ಲಿ ಇದೆಲ್ಲ ಒಬ್ಬಳೇ ಹುಡುಗಿ, ಕಚೇರಿಯಲ್ಲಿ ಮೂವರು. ಮೂರು ವರ್ಷ ಓದಿ ಪಡೆದ ಪದವಿ ಒಂದು ಅಕ್ಷರದ ಮುಂದೆ ಕೈಕಟ್ಟಿ ನಿಲ್ಲುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕಾಲೇಜಿನ ದಾಖಲೆಗೆ ಆಧಾರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಆದ್ದರಿಂದ ಅದು ಸರಿಯಿದ್ದರೆ ಆಧಾರ್, ಪಾನ್, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ. ಅಂಕಪಟ್ಟಿಯಲ್ಲಿಯೇ ತಪ್ಪಿದ್ದು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸರಿಯಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಬೋರ್ಡಿಗೆ ಅರ್ಜಿ ಹಾಕಬೇಕಾಗುತ್ತದೆ. ಕೆಲಸದ ಕರೆ ಬಂದ ಮೇಲೆ ಓಡಾಡುವುದಕ್ಕಿಂತ ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಓಡಾಡುವುದು ಒಳ್ಳೆಯದಲ್ಲವೇ?

ಒಂದೇ ಪದದ ಹೆಸರಿನ ಕಷ್ಟವೂ ಇದೆ. ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟು ಒಂದೇ ಹೆಸರಿರುವವರಿಗೆ ಸಂದರ್ಶನ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಬಳಿಕ ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿದ್ದರೆ ಸಾಕು ಎಂದು ಸಡಿಲಿಸಲಾಯಿತು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು, ಘಟಿಕೋತ್ಸವದ ಪದವಿ ಪ್ರಮಾಣಪತ್ರ. ಕೊನೆಯ ಸೆಮಿಸ್ಟರ್‌ನ ಅಂಕಪಟ್ಟಿ ಕೈಗೆ ಬಂದರೆ ಪದವಿ ಬಂತು ಎಂದುಕೊಳ್ಳುವವರೇ ಜಾಸ್ತಿ. ಕಾಲೇಜಿನಿಂದ ತಾತ್ಕಾಲಿಕ ಪ್ರಮಾಣಪತ್ರ ತಂದು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ನಿಜವಾದ ಪದವಿ ಪತ್ರಕ್ಕೆ ವಿಶ್ವವಿದ್ಯಾನಿಲಯಕ್ಕೆ ಶುಲ್ಕ ಕಟ್ಟಿ ಬೇರೆಯೇ ಅರ್ಜಿ ಹಾಕಬೇಕು. ವಿದೇಶದ ಕೆಲಸಕ್ಕೆ ಕೇಳುವುದು ಇದನ್ನೇ. ಮೊದಲು ರಾಜ್ಯ ಸರಕಾರದ ದೃಢೀಕರಣ, ನಂತರ ಕೇಂದ್ರ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಆ ದೇಶದ ರಾಯಭಾರ ಕಚೇರಿಯದ್ದು, ಹೀಗೆ ಸಾಗುತ್ತದೆ ಅದರ ಪ್ರಯಾಣ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್ ಪದ್ಧತಿ ಜಾರಿಯಲ್ಲಿದೆ. ಅಂದರೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬಿದ್ದ ಮೇಲೆ ರಾಯಭಾರ ಕಚೇರಿಯ ಮುದ್ರೆ ಬೇಕಿಲ್ಲ. ಯುಎಇ, ಕತರ್, ಕುವೈತ್‌ಗಳಿಗೆ ಹಳೆಯ ದಾರಿಯೇ.

ಹುಡುಗರ ವಿಷಯಕ್ಕೆ ಬಂದೆವು. ಗಲ್ಫ್ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಮಾಡು ಹಾಕಿಸಿದೆ, ಹೆಣ್ಮಕ್ಕಳ ಮದುವೆ ಮಾಡಿಸಿದೆ. ಅದನ್ನು ತೆಗಳುವ ಉದ್ದೇಶ ನನಗಿಲ್ಲ. ಆದರೆ ಬಿ.ಕಾಂ. ಮುಗಿಸಿದ ಹುಡುಗನನ್ನು ಫಲಿತಾಂಶ ಬರುವ ಮೊದಲೇ ವಿಸಿಟ್ ವೀಸಾದಲ್ಲಿ ಹತ್ತಿಸಿ, "ಅಲ್ಲಿ ಹೋಗಿ ಏನಾದರೂ ನೋಡಿಕೋ" ಎನ್ನುವುದು ಯಾವ ಲೆಕ್ಕ? ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಅವಧಿ ಮುಗಿಯುತ್ತಾ ಬಂದಂತೆ ಅವನು ಸಿಕ್ಕಿದ ಕೆಲಸಕ್ಕೆ ಸೇರುತ್ತಾನೆ. ಅಂಗಡಿಯ ಕೌಂಟರ್‌ನಲ್ಲಿ ನಿಲ್ಲುವುದು ಅವಮಾನವಲ್ಲ, ದುಡಿದು ತಿನ್ನುವುದರಲ್ಲಿ ನಾಚಿಕೆ ಏನಿದೆ? ಆದರೆ ಅದಕ್ಕೆ ಡಿಗ್ರಿ ಬೇಕಿರಲಿಲ್ಲ. ಆರೇಳು ತಿಂಗಳು ಊರಲ್ಲಿ ನಿಂತು ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವುದನ್ನು, ಟ್ಯಾಲಿಯನ್ನು ಕೈಯಾರೆ ಕಲಿತು ಹೋದವನು ಅದೇ ಊರಿನಲ್ಲಿ ಬೇರೆ ಕುರ್ಚಿಯಲ್ಲಿ ಕೂರುತ್ತಾನೆ. ಏಜೆಂಟರ ಮೂಲಕ ಹೋಗುವುದಾದರೆ ಅವರು ಸರಕಾರದಲ್ಲಿ ನೋಂದಾಯಿತರೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂ. ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿಯಿದೆ. ಒಂದೂವರೆ ಲಕ್ಷ, ಎರಡು ಲಕ್ಷ ಎಂದು ಚಿನ್ನ ಅಡವಿಟ್ಟು ಕೊಡುವ ಮೊದಲು ಈ ಅಂಕಿಯನ್ನು ಅವರ ಮುಂದೆ ಒಮ್ಮೆ ಹೇಳಿ ನೋಡಿ, ಮುಖ ಹೇಗಾಗುತ್ತದೆಂದು.

ಇನ್ನು ಹೆಣ್ಮಕ್ಕಳು. ನಮ್ಮ ಹುಡುಗಿಯರು ಈಗ ಚೆನ್ನಾಗಿ ಓದುತ್ತಾರೆ, ಹುಡುಗರಿಗಿಂತ ಚೆನ್ನಾಗಿ ಓದುತ್ತಾರೆ. ಇದನ್ನು ಎಲ್ಲ ಸಭೆಗಳಲ್ಲೂ ಹೇಳುತ್ತೇವೆ, ಸನ್ಮಾನ ಮಾಡುತ್ತೇವೆ, ಫೋಟೋ ಹಾಕುತ್ತೇವೆ. ಆ ಫೋಟೋದ ಹುಡುಗಿ ಮರುವರ್ಷ ಏನು ಮಾಡುತ್ತಿದ್ದಾಳೆ ಎಂದು ಯಾರು ವಿಚಾರಿಸುತ್ತಾರೆ? ಮನೆಯಲ್ಲಿದ್ದಾಳೆ. ಸಂಬಂಧ ನೋಡುತ್ತಿದ್ದಾರೆ. ಬಂದವರ ಮುಂದೆ ಚಹಾ ಇಡುತ್ತಾಳೆ, ಅವರು ಹೋದ ಮೇಲೆ ಲೋಟ ತೊಳೆಯುತ್ತಾಳೆ. "ಹುಡುಗಿಗೆ ಡಿಗ್ರಿ ಆಗಿದೆ" ಎಂಬುದು ಬ್ರೋಕರ್‌ನ ಬಾಯಲ್ಲಿ ಎತ್ತರ, ಬಣ್ಣಗಳ ಜೊತೆ ಸೇರಿಕೊಂಡ ಇನ್ನೊಂದು ಮಾತು, ಅಷ್ಟೇ. ಹೀಗೆ ಒಂದು ವರ್ಷ, ಎರಡು ವರ್ಷ ಕಳೆದರೆ ಕಲಿತದ್ದು ಕೈಜಾರುತ್ತದೆ, ಧೈರ್ಯವೂ ಜಾರುತ್ತದೆ.

ಮದುವೆ ಬೇಡವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಸಂಬಂಧ ಬಂದರೆ ಸಂತೋಷ. ಆದರೆ ಕಾಯುವ ದಿನಗಳನ್ನು ಖಾಲಿ ಬಿಡುವುದೇಕೆ? ಬಿ.ಎಡ್. 2015ರಿಂದ ಎರಡು ವರ್ಷದ ಕೋರ್ಸು. ಸೇರಿ ನಡುವೆ ಮದುವೆಯಾದರೆ ಮುಗಿಸಲು ಬಿಡುತ್ತೀರಾ ಎಂದು ಗಂಡಿನ ಮನೆಯವರನ್ನು ಕೇಳಲು ನಮಗೆ ಸಂಕೋಚ. ಊಟಕ್ಕೆ ಎಷ್ಟು ಜನ ಬರುತ್ತೀರಿ ಎಂದು ಕೇಳಲು ಸಂಕೋಚವಿಲ್ಲ, ಇದಕ್ಕೆ ಏಕೆ? ನಿಕಾಹ್ ಎಂಬುದು ಒಪ್ಪಂದ. ಧರ್ಮಸಮ್ಮತವಾದ ಷರತ್ತುಗಳನ್ನು ಅದರಲ್ಲಿ ಸೇರಿಸಲು ಅವಕಾಶವಿದೆ ಎಂಬುದನ್ನು ಫಿಕ್‌ಹ್ ಓದಿದವರೆಲ್ಲ ಬಲ್ಲರು. ಷರತ್ತು ಬರೆಸುವವರೆಗೆ ಹೋಗದಿದ್ದರೂ ಸರಿ, ಹಿರಿಯರ ಮುಂದೆ ಮಾತಾದರೂ ಆಗಿರಲಿ. "ಆಮೇಲೆ ನೋಡೋಣ" ಎಂದವರ ಮನೆಯಲ್ಲಿ ಆಮೇಲೆ ಎಂಬುದು ಬರುವುದೇ ಇಲ್ಲ.

ಬಿ.ಎಡ್. ಮಾಡಿದವರಿಗೆ ಟಿಇಟಿ ಪರೀಕ್ಷೆ ಇದೆ. ಮೊದಲು ಅದರ ಪ್ರಮಾಣಪತ್ರಕ್ಕೆ ಏಳು ವರ್ಷದ ಅವಧಿಯಿತ್ತು. 2021ರಲ್ಲಿ ಅದನ್ನು ಜೀವನಪರ್ಯಂತಕ್ಕೆ ವಿಸ್ತರಿಸಿದರು. ಮಗು ಸಣ್ಣದಿರುವಾಗ ಮನೆಯಲ್ಲಿದ್ದು, ನಂತರ ಕೆಲಸಕ್ಕೆ ಹೊರಡುವ ತಾಯಂದಿರಿಗೆ ಇದು ದೊಡ್ಡ ಉಪಕಾರ. ಮನೆಮಾತು ಬ್ಯಾರಿಯೋ ಉರ್ದುವೋ ಆಗಿ, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಒಂದು ಮಾತು: ರಾಜ್ಯ ಸರಕಾರದ ಹುದ್ದೆಗೆ ಹೋಗುವುದಿದ್ದರೆ ಕನ್ನಡ ಬರೆಯಲು ಬರಬೇಕು. ಮಾತಾಡಲು ಬರುತ್ತದೆ ಎಂಬುದು ಸಾಲದು. ದಿನಕ್ಕೊಂದು ಪುಟ ಕೈಬರಹ ಅಭ್ಯಾಸ ಮಾಡಿ.

ಯುವನಿಧಿಯ ಬಗ್ಗೆ ಅನೇಕರು ಕೇಳುತ್ತಾರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ, ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂ. ಹೆಚ್ಚೆಂದರೆ ಎರಡು ವರ್ಷ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಇಲ್ಲ. ಮಗಳ ಹೆಸರಿಗೆ ಬಂದ ಹಣವನ್ನು ಮನೆಯ ಖರ್ಚಿಗೆ ಸೇರಿಸದೆ ಅವಳ ಅರ್ಜಿ ಶುಲ್ಕಕ್ಕೂ ಪುಸ್ತಕಕ್ಕೂ ಬಿಟ್ಟುಕೊಡಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ, ಸರಿ. ನಮ್ಮ ಮಂಗಳೂರು, ಉಡುಪಿ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಅಲ್ಲಿ ಬಸ್ಸಿನ ಹಣವೂ ಒಂದು ಖರ್ಚೇ.

ಕೊನೆಗೆ, ಈ ಯಾವ ಮಾತಿನಲ್ಲೂ ಸೇರದ ಕೆಲವರಿದ್ದಾರೆ. ಒಂದೋ ಎರಡೋ ವಿಷಯ ಬಾಕಿ ಉಳಿಸಿಕೊಂಡು, ಮನೆಯಲ್ಲಿ "ಪಾಸಾಯಿತು" ಎಂದು ಹೇಳಿ ಸುಮ್ಮನಿರುವವರು. ಅಂಕಪಟ್ಟಿ ಇನ್ನೂ ಬಂದಿಲ್ಲ ಎಂದು ತಿಂಗಳುಗಟ್ಟಲೆ ಹೇಳುತ್ತಾರೆ. ಹೆತ್ತವರೇ, ಬೈದರೆ ಅವರು ಇನ್ನಷ್ಟು ಮುಚ್ಚಿಕೊಳ್ಳುತ್ತಾರೆ. ಬಾಕಿ ವಿಷಯ ಪೂರೈಸಲು ವಿಶ್ವವಿದ್ಯಾನಿಲಯ ಇಂತಿಷ್ಟು ವರ್ಷವೆಂದು ಮಿತಿ ಇಟ್ಟಿರುತ್ತದೆ. ಪಠ್ಯಕ್ರಮ ಬದಲಾದರೆ ಹಳೆಯ ಪತ್ರಿಕೆಗೆ ಪಾಠ ಹೇಳುವವರೂ ಸಿಗುವುದಿಲ್ಲ. 2024ರಲ್ಲಿ ನಮ್ಮ ರಾಜ್ಯ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಪಠ್ಯ ಮತ್ತೊಮ್ಮೆ ಬದಲಾಗಿದೆ. ನಾಳೆ ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜಿನ ಕಚೇರಿಗೆ ಹೋಗಿ. ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ ಯಾವುದೆಂದು ಕೇಳಿ ಬರೆದುಕೊಂಡು ಬನ್ನಿ.