ಎರಡು ನಿಮಿಷದ ಗಗನಯಾನ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದೆಂಬುದು ಶಾಲೆಯ ಬಾಲಕರೆಲ್ಲ ಬಲ್ಲ ಸೂತ್ರ. ಅದು ಸುಳ್ಳಲ್ಲ, ಆದರೆ ಸಣ್ಣ ವಿಮಾನ ನಿಲ್ದಾಣಗಳ ನಡುವಣ ಪಯಣಕ್ಕೆ ಅದೊಂದೇ ಸಾಲದು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಈ ಸಮೂಹದಲ್ಲಿ ವೆಸ್ಟ್‌ರೇ ಮತ್ತು ಪಾಪಾ ವೆಸ್ಟ್‌ರೇ ಎಂಬ ಎರಡು ನೆರೆಯ ದ್ವೀಪಗಳುಂಟು. ಅವುಗಳ ವಿಮಾನ ನಿಲ್ದಾಣಗಳ ನಡುವಣ ನೇರ ದೂರ ಸುಮಾರು 2.7 ಕಿಲೋಮೀಟರು ಮಾತ್ರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದು ರನ್‌ವೇಯೇ 4 ಕಿಲೋಮೀಟರು ಉದ್ದವಿದೆಯೆಂಬುದನ್ನು ನೆನೆದರೆ ಈ ಅಂತರದ ಅಲ್ಪತೆ ಮನವರಿಕೆಯಾದೀತು. 1967ರಲ್ಲಿ ಲೋಗನ್‌ಏರ್ ಸಂಸ್ಥೆಯು ಆರಂಭಿಸಿದ ಈ ಸೇವೆಯು, ವೇಳಾಪಟ್ಟಿಯಂತೆ ನಡೆಯುವ ವಿಮಾನಯಾನಗಳಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಹ್ರಸ್ವವಾದುದೆಂದು ಪ್ರಸಿದ್ಧವಾಗಿದೆ.

ಈ ಮಾರ್ಗದಲ್ಲಿ ಹಾರುತ್ತ ಬಂದಿರುವುದು ಎರಡು ಎಂಜಿನುಗಳ ‘ಐಲ್ಯಾಂಡರ್’ ಎಂಬ ಪುಟ್ಟ ವಿಮಾನ. ಅದರ ವೇಗವನ್ನು ಗಂಟೆಗೆ 240 ಕಿಲೋಮೀಟರೆಂದು ಹಿಡಿದರೆ, ಸೂತ್ರದ ಪ್ರಕಾರ ಪಯಣವು ಸುಮಾರು 40 ಸೆಕೆಂಡುಗಳಲ್ಲಿ ಮುಗಿಯಬೇಕು. ವೇಳಾಪಟ್ಟಿಯಾದರೋ 2 ನಿಮಿಷಗಳನ್ನು ಕೊಡುತ್ತದೆ. ಇದಕ್ಕೆ ಕಾರಣ ಸ್ಪಷ್ಟ. ನಿಂತ ವಿಮಾನವು ಓಡಿ ವೇಗವನ್ನು ಗಳಿಸಬೇಕು, ಮೇಲೇರಬೇಕು, ಒಡನೆಯೇ ವೇಗವನ್ನು ತಗ್ಗಿಸಿ ಇಳಿಯಬೇಕು. ಪೂರ್ಣ ವೇಗದಲ್ಲಿ ಸಾಗಲು ಅದಕ್ಕೆ ಅವಕಾಶವೇ ಇಲ್ಲ. ಇದಲ್ಲದೆ ವಿಮಾನವು ಏರುವಾಗಲೂ ಇಳಿಯುವಾಗಲೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಸಾಗಬೇಕಾದುದರಿಂದ, ಗಾಳಿಯ ದಿಕ್ಕು ಬದಲಾದಂತೆ ಸುತ್ತುದಾರಿಯೂ ಹೆಚ್ಚುತ್ತದೆ. ಎಲ್ಲವೂ ಅನುಕೂಲವಾಗಿ ಒದಗಿದಾಗ ಈ ಪಯಣವು 53 ಸೆಕೆಂಡುಗಳಲ್ಲಿ ಮುಗಿದ ದಾಖಲೆಯೂ ಉಂಟು. ಸಾವಿರ ಕಿಲೋಮೀಟರಿನ ಯಾನದಲ್ಲಿ ಏರಿಳಿತದ ನಿಮಿಷಗಳು ಒಟ್ಟು ಕಾಲದ ಒಂದು ಅಲ್ಪಾಂಶ. ಇಲ್ಲಿಯಾದರೋ ಅವೇ ಸರ್ವಸ್ವ.

ಇಷ್ಟು ಅಲ್ಪ ದೂರಕ್ಕೆ ವಿಮಾನವೇಕೆಂಬ ಶಂಕೆ ಸಹಜವಾದುದು. ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ನಿಂದ ಹೊರಟ ವಿಮಾನವು ಎರಡೂ ದ್ವೀಪಗಳಿಗೆ ಸೇವೆ ಸಲ್ಲಿಸಿ ಮರಳುತ್ತದೆ. ಆ ಸುತ್ತಿನ ಒಂದು ಕೊಂಡಿಯೇ ಈ ಕಿರುಯಾನ. ಕರ್ಕ್‌ವಾಲ್‌ನಿಂದ ವೆಸ್ಟ್‌ರೇಗೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ ಹಿಡಿದರೆ, ವಿಮಾನದಲ್ಲಿ ಸುಮಾರು ಕಾಲು ಗಂಟೆ ಸಾಕು. ಪಾಪಾ ವೆಸ್ಟ್‌ರೇಯ ಜನಸಂಖ್ಯೆ ನೂರಕ್ಕೂ ಕಡಿಮೆ. ಅಷ್ಟು ಚಿಕ್ಕ ಊರಿನಲ್ಲಿ ಪ್ರತಿಯೊಂದು ವಿಷಯಕ್ಕೂ ಒಬ್ಬೊಬ್ಬ ಅಧ್ಯಾಪಕರು, ಪ್ರತಿಯೊಂದು ವ್ಯಾಧಿಗೂ ಒಬ್ಬೊಬ್ಬ ವೈದ್ಯರು ನೆಲೆಸುವುದು ಸಾಧ್ಯವಿಲ್ಲ. ಶಿಕ್ಷಕರು ಪಾಠಕ್ಕೆಂದು, ವೈದ್ಯರು ಚಿಕಿತ್ಸೆಗೆಂದು ಹಾರಿ ಬರುತ್ತಾರೆ. ರೋಗಿಗಳೂ ವಿದ್ಯಾರ್ಥಿಗಳೂ ಇದೇ ವಿಮಾನವನ್ನು ಆಶ್ರಯಿಸುತ್ತಾರೆ. ಟಿಕೆಟಿನ ಹಣದಿಂದಲೇ ಇಂಥ ಸೇವೆ ನಡೆಯಲಾರದೆಂದು ಅರಿತ ಅಲ್ಲಿನ ಸ್ಥಳೀಯ ಆಡಳಿತವು ಸಾರ್ವಜನಿಕ ಧನದ ನೆರವಿನಿಂದ ಅದನ್ನು ಉಳಿಸಿಕೊಂಡು ಬಂದಿದೆ.

ಗುರುವು ಶಿಷ್ಯನಿರುವೆಡೆಗೆ ತಲುಪುವುದಕ್ಕೆ ಎರಡು ನಿಮಿಷಗಳ ದಾರಿಯೊಂದನ್ನು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಕಾಪಾಡಿಕೊಂಡು ಬಂದ ಆ ಸಮಾಜದ ವಿವೇಕ ಮೆಚ್ಚತಕ್ಕದ್ದು. ದಾರಿಯ ಬೆಲೆಯನ್ನು ಅದರ ಉದ್ದದಿಂದ ಅಳೆಯಲಾಗದು; ಅದು ಯಾರನ್ನು ಯಾರಲ್ಲಿಗೆ ತಲುಪಿಸುತ್ತದೆಂಬುದರಿಂದಲೇ ಅಳೆಯಬೇಕು.