ಗಮನದ ಸಂತೆಯಲ್ಲಿ ಸಸಿಯ ಲೆಕ್ಕ

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠ ಕೊರತೆಯದು. ಎಂ.ಎ. ಓದುತ್ತಿದ್ದ ದಿನಗಳಲ್ಲಿ ಭೂಮಿ, ಶ್ರಮ, ಬಂಡವಾಳಗಳ ಕೊರತೆಯ ಬಗ್ಗೆ ನಾನು ಪುಟಗಟ್ಟಲೆ ಬರೆದಿದ್ದೇನೆ. ಮನುಷ್ಯನ ಗಮನವೂ ಒಂದು ವಿರಳ ಸಂಪನ್ಮೂಲವೇ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಆದರೆ 1971ರಲ್ಲಿಯೇ ಅಮೆರಿಕದ ಹರ್ಬರ್ಟ್ ಸೈಮನ್ ಅದನ್ನು ಹೇಳಿಯಾಗಿತ್ತು. ಮಾಹಿತಿ ಹೆಚ್ಚಿದಷ್ಟೂ ಅದು ಕಬಳಿಸುವ ಗಮನ ಬಡವಾಗುತ್ತದೆ ಎಂಬುದು ಅವರ ವಾದದ ತಿರುಳು. (1978ರಲ್ಲಿ ಅವರಿಗೆ ನೊಬೆಲ್ ಬಂದದ್ದು ಬೇರೆಯ ಕೆಲಸಕ್ಕೆ, ಈ ಮಾತಿಗೇ ಬಂದಿದ್ದರೂ ತಪ್ಪಾಗುತ್ತಿರಲಿಲ್ಲ.) ಗಮನವನ್ನು ಎಣಿಸಿ, ಮಾರಿ, ಲಾಭ ಗಳಿಸುವ ವ್ಯವಸ್ಥೆ ಪೂರ್ಣವಾಗಿ ರೂಪುಗೊಂಡದ್ದು ಅನಂತರ. ಫೇಸ್‌ಬುಕ್ ತನ್ನ ‘ಲೈಕ್’ ಗುಂಡಿಯನ್ನು ತಂದದ್ದು 2009ರಲ್ಲಿ. ಅಲ್ಲಿಂದೀಚೆಗೆ ಪ್ರಭಾವವೆಂದರೆ ಎಣಿಸಬಹುದಾದದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ.

2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ರತ್ನಗಂಬಳಿಯ ಮೇಲೆ ಬರಿಗಾಲಿನಲ್ಲಿ ನಡೆದುಬಂದ ಅಂಕೋಲಾ ತಾಲ್ಲೂಕಿನ ತುಳಸಿ ಗೌಡರ ಚಿತ್ರ ದೇಶದ ಮೂಲೆಮೂಲೆಯನ್ನೂ ತಲುಪಿತು. ನನ್ನ ದೂರವಾಣಿಗೇ ಅದು ಹತ್ತಾರು ಬಾರಿ ಬಂದಿತು. ಆದರೆ ಆ ಚಿತ್ರದ ಹಿಂದಿನ ಕಾಲವನ್ನು ಯಾರೂ ಹಂಚಿಕೊಳ್ಳಲಿಲ್ಲ. ಹಾಲಕ್ಕಿ ಒಕ್ಕಲಿಗ ಸಮುದಾಯದ, ಶಾಲೆಯ ಮುಖ ಕಾಣದ ಈ ಹೆಣ್ಣುಮಗಳು ಎಳವೆಯಲ್ಲಿಯೇ ತಾಯಿಯೊಂದಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಕೂಲಿಗೆ ಹೋದವರು. ಮೂರು ದಶಕಗಳಿಗೂ ಹೆಚ್ಚು ಕಾಲ ದಿನಗೂಲಿಯಾಗಿ ದುಡಿದ ಬಳಿಕವೇ ಅವರ ನೌಕರಿ ಕಾಯಂ ಆದದ್ದು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಅವರ ವಿದ್ಯೆ ಯಾವುದು ಎಂಬುದನ್ನು ತುಸು ವಿವರವಾಗಿ ನೋಡಬೇಕು. ಕಾಡಿನಲ್ಲಿ ಬೀಜಕ್ಕೆ ಯೋಗ್ಯವಾದ ತಾಯಿಮರವನ್ನು ಗುರುತಿಸುವುದರಲ್ಲಿ ಅವರು ಹೆಸರಾದವರು. ಇದು ಕಾಣುವಷ್ಟು ಸುಲಭದ್ದಲ್ಲ. ಒಂದೊಂದು ಜಾತಿಯ ಬೀಜಕ್ಕೂ ಒಂದೊಂದು ಸ್ವಭಾವ. ಹಲಸಿನ ಬೀಜವನ್ನು ಒಣಗಿಸಿಟ್ಟರೆ ಅದು ಸತ್ತಂತೆಯೇ. ಹಸಿಯಿರುವಾಗಲೇ ಮಣ್ಣು ಸೇರಬೇಕು. ತೇಗದ ಬೀಜ ಇದಕ್ಕೆ ತದ್ವಿರುದ್ಧ. ಅದನ್ನು ಮತ್ತೆಮತ್ತೆ ನೆನೆಸಿ, ಬಿಸಿಲಿಗೆ ಒಣಗಿಸಿದ ಮೇಲೆಯೇ ಅದರ ಗಟ್ಟಿ ಚಿಪ್ಪು ಮೆತ್ತಗಾಗುವುದು. ಯಾವ ಮರ ಯಾವ ವಾರ ಬೀಜ ಉದುರಿಸುತ್ತದೆ ಎಂದು ತಿಳಿಯಲು ಆ ಮರದ ಬಳಿ ವರ್ಷವರ್ಷವೂ ಹೋಗಬೇಕು. ಸೈಮನ್ ಹೇಳಿದ ವಿರಳ ಸಂಪನ್ಮೂಲವನ್ನು ಆಕೆ ಒಂದೇ ಕಡೆ, ಒಂದು ಆಯುಷ್ಯದಷ್ಟು, ಹೂಡಿದ್ದರು.

ಇದರ ಪಕ್ಕದಲ್ಲಿ ನಾನು ಕಂಡ ಸರ್ಕಾರಿ ವನಮಹೋತ್ಸವಗಳನ್ನು ಇಟ್ಟು ನೋಡುತ್ತೇನೆ. ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ಈ ಆಚರಣೆಯ ಉದ್ದೇಶ ಉದಾತ್ತವೇ. ಆದರೆ ನಾನು ಕೆಲಸ ಮಾಡಿದ ಜಿಲ್ಲೆಯೊಂದರಲ್ಲಿ ಅದು ಛಾಯಾಚಿತ್ರದ ಹಬ್ಬವಾಗಿತ್ತು. ಗುಂಡಿಗಳು ಹಳೆಯವು, ಸಸಿಗಳು ಮಾತ್ರ ಹೊಸವು ಎಂಬುದು ಕಚೇರಿಯ ಜವಾನರಿಗೂ ಗೊತ್ತಿದ್ದ ಹಾಸ್ಯ. ಮಾಸಿಕ ಪ್ರಗತಿ ವರದಿಯಲ್ಲಿ ‘ನೆಟ್ಟ ಸಸಿಗಳು’ ಎಂಬ ಅಂಕಣವೊಂದೇ ಇತ್ತು. ‘ಕಳೆದ ವರ್ಷದವುಗಳಲ್ಲಿ ಉಳಿದವು’ ಎಂಬ ಇನ್ನೊಂದು ಅಂಕಣವನ್ನು ನಾನು ಸೇರಿಸಿದೆ. ಮೂರು ತಿಂಗಳು ಅದು ಖಾಲಿ ಬಂದಿತು. ನಾಲ್ಕನೆಯ ತಿಂಗಳು ಎಲ್ಲ ತಾಲ್ಲೂಕುಗಳಿಂದಲೂ ಒಂದೇ ಶೇಕಡಾವಾರು ಅಂಕಿ ಬಂದಿತು! ಅಳತೆಗೋಲೇ ಗುರಿಯಾದಾಗ ಅದು ಅಳತೆಗೋಲಾಗಿ ಉಳಿಯುವುದಿಲ್ಲವೆಂಬ, 1975ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಹುಟ್ಟಿದ ನಿಯಮಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಸಿಕ್ಕಿಲ್ಲ. ಮೆಚ್ಚುಗೆಯ ಗುಂಡಿ ಬರುವ ಮುನ್ನವೇ ನಮ್ಮ ಕಡತಗಳಲ್ಲಿ ಅದು ಕೆಲಸ ಮಾಡುತ್ತಿತ್ತು.

ಹಾಗೆಂದು ಪ್ರಚಾರವೇ ಪಾಪವೆಂದು ಭಾವಿಸುವವನು ನಾನಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರನ್ನು ನೆನೆಯೋಣ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ರಸ್ತೆ ವಿಸ್ತರಣೆಯಿಂದ ಆ ಮರಗಳಿಗೆ ಅಪಾಯ ಒದಗಿದಾಗ ಅವರು ಮುಖ್ಯಮಂತ್ರಿಗಳಿಗೆ ಮೊರೆಯಿಟ್ಟರು. ಸರ್ಕಾರ ಪರ್ಯಾಯ ಹುಡುಕಲು ಒಪ್ಪಿತು. ಹೆಸರಿಲ್ಲದ ಮುದುಕಿಯೊಬ್ಬಳ ಅರ್ಜಿ ಯಾವ ಮೇಜಿನವರೆಗೆ ಹೋಗುತ್ತಿತ್ತೆಂದು ಆಡಳಿತದಲ್ಲಿದ್ದ ನನಗೆ ಚೆನ್ನಾಗಿ ಗೊತ್ತು. ಕಿತ್ತಳೆ ಮಾರಿ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬನವರೂ ತಮಗೆ ಬಂದ ಪುರಸ್ಕಾರದ ಹಣವನ್ನು ಶಾಲೆಗೇ ತಿರುಗಿಸಿದರು. ಇವರಲ್ಲಿ ಕೆಲಸ ಮೊದಲು, ಹೆಸರು ಆಮೇಲೆ. ಬಂದ ಹೆಸರೂ ಆ ಕೆಲಸಕ್ಕೇ ಸಂದಿತು. ಇಂದಿನ ‘ಪ್ರಭಾವಿ’ಗಳ ಮಾರುಕಟ್ಟೆಯಲ್ಲಿ ಹೆಸರೇ ಸರಕು, ಕೆಲಸ ಅದರ ಹೊದಿಕೆ.

ನಿವೃತ್ತಿಯ ಬಳಿಕ ನನ್ನ ಗಮನಕ್ಕೂ ನಾನೊಂದು ಆಯವ್ಯಯ ಪತ್ರ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಹತ್ತರವರೆಗೆ ದೂರವಾಣಿ ಬೀರುವಿನಲ್ಲಿರುತ್ತದೆ. ಮನೆಯವರಿಗೆ ಇದರಿಂದ ಕಿರಿಕಿರಿಯಿದೆ, ನಿಜ. ವಾರದಲ್ಲಿ ಎರಡು ದಿನ ಬಡಾವಣೆಯ ಗ್ರಂಥಾಲಯದ ಜಗಲಿಯಲ್ಲಿ ಕುಳಿತು ಕುಟುಂಬ ಪಿಂಚಣಿಯ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಮರಣ ಪ್ರಮಾಣಪತ್ರದಲ್ಲಿ ಒಂದು ಇನಿಷಿಯಲ್, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು. ಅಷ್ಟಕ್ಕೇ ವಿಧವೆಯೊಬ್ಬರ ಹಣ ವರ್ಷವಿಡೀ ನಿಂತಿರುತ್ತದೆ. ಒಂದು ಪ್ರಕರಣಕ್ಕೆ ಕೆಲವೊಮ್ಮೆ ಐದಾರು ಬಾರಿ ಕುಳಿತುಕೊಳ್ಳಬೇಕಾಗುತ್ತದೆ. ಇದನ್ನು ವಿಡಿಯೊ ಮಾಡಿ ಹಾಕಿದರೆ ಬಹಳ ಜನರಿಗೆ ತಲುಪುತ್ತದೆಂದು ಪರಿಚಿತ ತರುಣನೊಬ್ಬ ಸಲಹೆಯಿತ್ತ. ಅರ್ಜಿ ತುಂಬುವ ಕ್ರಮವನ್ನು ಚಿತ್ರೀಕರಿಸಲು ಒಪ್ಪಿದೆ. ಎದುರು ಕುಳಿತ ಹೆಂಗಸಿನ ಮುಖವನ್ನು ಬೇಡವೆಂದೆ. ಆತನಿಗೆ ಉತ್ಸಾಹ ಇಳಿಯಿತು.

ಸರ್ಕಾರ ಮಾಡಬಹುದಾದದ್ದೂ ಒಂದಿದೆ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಗೋಡೆಯ ಮೇಲೆ ಐದು ವರ್ಷಗಳ ಹಿಂದೆ ನೆಟ್ಟ ಸಸಿಗಳಲ್ಲಿ ಇಂದು ನಿಂತಿರುವವು ಎಷ್ಟೆಂದು ಬರೆಸಲಿ. ಆ ಎಣಿಕೆಯನ್ನು ನೆಟ್ಟ ಇಲಾಖೆಯೇ ಮಾಡದೆ ಊರಿನ ಪ್ರೌಢಶಾಲೆಯ ಮಕ್ಕಳು ಮಾಡಲಿ. ನೆಡುವ ದಿನದ ಶಾಮಿಯಾನಕ್ಕೆ ತೆಗೆದಿಡುವ ಹಣ, ಮುಂದಿನ ಮೂರು ಬೇಸಿಗೆ ನೀರು ಹಾಕುವವರ ಕೂಲಿಗೆ ಹೋಗಲಿ.