ಪಾಲು ಕೇಳಿದ ಮಗ, ಓಡಿ ಬಂದ ಅಪ್ಪ

ಅಪ್ಪ ಬದುಕಿರುವಾಗಲೇ ಪಾಲು ಕೇಳುವ ಮಗನ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ನಾನು ಗದಗಿನಲ್ಲಿ ಬಾಂಡ್ ರೈಟರ್. ಪಾಲು ಹಂಚುವ ವಾಟ್ನಿ ಪತ್ರ, ದಾನಪತ್ರ, ಹಕ್ಕುಬಿಡುಗಡೆ, ಮೃತ್ಯುಪತ್ರ ಬರೆಯುವುದೇ ನನ್ನ ಅನ್ನ. ಭಾನುವಾರ ಬೆಟಗೇರಿಯ ಚರ್ಚಿನಲ್ಲಿ ಲೂಕನ ಸುವಾರ್ತೆಯ 15ನೆಯ ಅಧ್ಯಾಯ ಓದುವಾಗ ಉಳಿದವರಿಗೆ ಅದು ದಾರಿ ತಪ್ಪಿದ ಹುಡುಗನ ಕಥೆಯಾಗಿ ಕೇಳಿಸಬಹುದು. ನನ್ನ ಕಿವಿಗೆ ಮೊದಲು ಬೀಳುವುದು ಆಸ್ತಿಯ ಮಾತು. ಕ್ರೈಸ್ತರು ದೇವರನ್ನು ತಂದೆ ಎಂದು ಯಾಕೆ ಕರೆಯುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಆ ಕಥೆಯನ್ನೇ ಹೇಳುತ್ತೇನೆ, ನನ್ನ ಕಸುಬಿನವನು ಹೇಗೆ ಹೇಳಬೇಕೋ ಹಾಗೆ.

ಯೇಸುಸ್ವಾಮಿ ಈ ಕಥೆ ಹೇಳಿದ್ದು ಒಂದು ತಕರಾರಿಗೆ ಉತ್ತರವಾಗಿ. ಸುಂಕ ವಸೂಲಿಯವರು, ಊರು ಕೆಟ್ಟವರೆಂದು ದೂರ ಇಟ್ಟವರು ಆತನ ಮಾತು ಕೇಳಲು ಬರುತ್ತಿದ್ದರು. ಅಂಥವರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನಲ್ಲ ಎಂದು ಫರಿಸಾಯರೆಂಬ ಆಚಾರನಿಷ್ಠ ಯೆಹೂದ್ಯರೂ ಶಾಸ್ತ್ರಿಗಳೂ ಗೊಣಗಿದರು. ಆಗ ಆತ ಹೇಳಿದ: ಒಬ್ಬನಿಗೆ ಇಬ್ಬರು ಗಂಡುಮಕ್ಕಳು. ಕಿರಿಯವನು ಬಂದು, ಆಸ್ತಿಯಲ್ಲಿ ನನಗೆ ಬರಬೇಕಾದದ್ದನ್ನು ಈಗಲೇ ಕೊಡು ಎಂದ.

ಮಿತಾಕ್ಷರ ಕಾನೂನಿಗೆ ಸೇರಿದ ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ. ಹಾಗಾಗಿ ಅಪ್ಪನಿರುವಾಗಲೇ ಪಾಲು ಕೇಳುವುದು ನಮ್ಮ ಕಡೆ ಕಾನೂನಿಗೆ ಹೊರತಾದದ್ದಲ್ಲ. ಆ ಕಾಲದ ಯೆಹೂದ್ಯರಲ್ಲಿ ಲೆಕ್ಕವೇ ಬೇರೆ. ಮೋಶೆಯ ಧರ್ಮಶಾಸ್ತ್ರದಂತೆ ಹಿರಿಯ ಮಗನಿಗೆ ಇಮ್ಮಡಿ ಪಾಲು. ಇಬ್ಬರೇ ಮಕ್ಕಳಿದ್ದರೆ ಮೂರು ಭಾಗ ಮಾಡಿ ಎರಡು ಹಿರಿಯನಿಗೆ, ಒಂದು ಕಿರಿಯನಿಗೆ. ಅದೂ ಅಪ್ಪ ಕಣ್ಮುಚ್ಚಿದ ಮೇಲೆ. ಅಪ್ಪ ತಾನಾಗಿ ಮನಸ್ಸು ಮಾಡಿದರೆ ಮೊದಲೇ ಬರೆದುಕೊಡಬಹುದಿತ್ತು. ಆದರೂ ಅನುಭೋಗ ಅವನದೇ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಗ್ರಂಥದಲ್ಲಿ ಈ ನಿಯಮ ಇದೆ: ಹಾಗೆ ಬರೆಸಿಕೊಂಡ ಮಗ ಜಮೀನು ಮಾರಿಬಿಟ್ಟರೆ, ಅಪ್ಪ ಸಾಯುವ ತನಕ ಕೊಂಡವನಿಗೆ ಅದರಲ್ಲಿ ಏನೂ ಹಕ್ಕಿಲ್ಲ. ನಾವು ಇವತ್ತು ದಾನಪತ್ರದಲ್ಲಿ, ದಾನಿ ಜೀವಂತ ಇರುವವರೆಗೆ ಅನುಭೋಗ ಅವರದೇ ಎಂದು ಬರೆಯುತ್ತೇವಲ್ಲ, ಅದೇ ಇದು.

ಕೆನ್ನೆತ್ ಬೇಯ್ಲಿ ಎಂಬ ಅಮೆರಿಕದ ಪಂಡಿತರು ಮಧ್ಯಪ್ರಾಚ್ಯದಲ್ಲಿ ದಶಕಗಳ ಕಾಲ ಇದ್ದು ಹಳ್ಳಿಗರ ನಡುವೆ ಈ ಕಥೆಯನ್ನು ವಿಚಾರಿಸಿದವರು. ನಿಮ್ಮೂರಲ್ಲಿ ಯಾವ ಮಗನಾದರೂ ಅಪ್ಪ ಗಟ್ಟಿಯಾಗಿರುವಾಗ ಹೀಗೆ ಕೇಳಿದ್ದುಂಟೇ ಎಂದರೆ, ಕೇಳಿಯಾನೇ, ಅಪ್ಪ ಸಾಯಲಿ ಎಂದಂತಲ್ಲವೇ ಎಂಬ ಅರ್ಥದ ಉತ್ತರವೇ ಅವರಿಗೆ ಎಲ್ಲೆಡೆ ಸಿಕ್ಕಿತು. ಯೇಸುವಿನ ಎದುರು ಕೂತಿದ್ದವರು, ಈಗ ಅಪ್ಪ ಕೆನ್ನೆಗೆ ಬಾರಿಸುತ್ತಾನೆ ಎಂದುಕೊಂಡಿರಬೇಕು. ಅವನು ಬಾರಿಸಲಿಲ್ಲ, ಹಂಚಿಕೊಟ್ಟ.

ಹೀಗೆ ಕೊಡಬಾರದೆಂದು ಹಿರಿಯರು ಹೇಳಿಯೇ ಇದ್ದರು. ಯೇಸುವಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನವನು ಬೆನ್ ಸಿರಾ ಎಂಬ ಜ್ಞಾನಿ. ಉಸಿರಿರುವ ತನಕ ಆಸ್ತಿಯನ್ನು ಯಾರ ಕೈಗೂ ಒಪ್ಪಿಸಬೇಡ, ಮಕ್ಕಳು ನಿನ್ನ ಕೈ ನೋಡಲಿ, ನೀನು ಅವರ ಕೈ ನೋಡುವಂತಾಗಬೇಡ, ಹಂಚುವುದನ್ನು ಕೊನೆಗಾಲಕ್ಕೆ ಇಟ್ಟುಕೋ ಎಂಬುದು ಅವನ ಬುದ್ಧಿಮಾತಿನ ತಾತ್ಪರ್ಯ. ನನ್ನ ಟೇಬಲ್ಲಿಗೆ ಬರುವ ಪ್ರತಿಯೊಬ್ಬ ಹಿರಿಯರಿಗೂ ನಾನು ಇದನ್ನೇ ಹೇಳುವುದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಇದಕ್ಕೆಂದೇ ಇದೆ. ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಆಸ್ತಿ ಕೊಟ್ಟು, ಮಕ್ಕಳು ನೋಡಿಕೊಳ್ಳದೆ ಹೋದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಆ ಪತ್ರವನ್ನು ರದ್ದು ಮಾಡಿಸಬಹುದು. ಕರಾರು ಬರೆಸಿರಬೇಕು, ಅಷ್ಟೇ.

ಅಣ್ಣಿಗೇರಿ ಕಡೆಯ ಒಬ್ಬ ಹಿರಿಯರು ನೆನಪಾಗುತ್ತಾರೆ. ಕಿರಿಮಗನ ಹೆಸರಿಗೆ ಹೊಲ ಬರೆಸಲು ಬಂದಿದ್ದರು. "ಯಜಮಾನ್ರ, ಕರಾರು ಹಾಕೂಣೇನ್ರಿ? ಊಟ, ಔಷಧ, ಇರಾಕ ಒಂದ್ ಖೋಲಿ?" ಎಂದೆ. "ಮಗನ ಜೋಡಿ ಎಂಥಾ ಕರಾರ್ರೀ? ಹಂಗ ಬರೀರಿ," ಎಂದರು. ಚಕ್ಕುಬಂದಿ ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ಧೋತರದ ಅಂಚಿಗೆ ಒರೆಸಿಕೊಳ್ಳುತ್ತ, "ಬದುವಿನ ಮ್ಯಾಲಿನ ಬೇವಿನ ಗಿಡ ಯಾರ ಕಡೆ ಹೋತ್ರೀ?" ಎಂದಷ್ಟೇ ಕೇಳಿದರು. ಮಗ ಹೊರಗೆ ಮೋಟಾರ್ ಸೈಕಲ್ ಮೇಲೆ ಕೂತು ಫೋನಿನಲ್ಲಿ ಎಕರೆಗೆ ದರ ಮಾತಾಡುತ್ತಿದ್ದ. ಅದು ಅವರಿಗೂ ಕೇಳಿಸುತ್ತಿತ್ತು. ಗೊತ್ತಿದ್ದೂ ಕೊಡುವ ಅಪ್ಪ ಎಂದರೆ ಏನೆಂದು ನಾನು ಅವತ್ತು ಕಣ್ಣಾರೆ ಕಂಡೆ. ಕ್ರೈಸ್ತ ನಂಬಿಕೆ ದೇವರ ಬಗ್ಗೆ ಹೇಳುವ ಮೊದಲ ಮಾತು ಇದೇ: ತನ್ನನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವನ್ನೂ ಆತ ಮಕ್ಕಳ ಕೈಗೆ ಕೊಟ್ಟಿದ್ದಾನೆ. ಕೊಡುವಾಗ ಆತನಿಗೂ ನೋವಾಗುತ್ತದೆ.

ಮುಂದಿನದು ಬಹಳ ಜನಕ್ಕೆ ಗೊತ್ತಿರುವ ಕಥೆ. ಹುಡುಗ ದೂರದೇಶಕ್ಕೆ ಹೋಗಿ ದುಂದು ಮಾಡಿದ, ಬರ ಬಂತು, ಹಂದಿ ಕಾಯುವ ಕೆಲಸಕ್ಕೆ ಸೇರಿದ. ಯೆಹೂದ್ಯನಿಗೆ ಅದಕ್ಕಿಂತ ಕೆಳಗೆ ಇಳಿಯಲು ಜಾಗವಿಲ್ಲ. ಹೊಟ್ಟೆ ಸುಟ್ಟಾಗ ಅಪ್ಪನ ಮನೆಯ ಕೂಲಿಯಾಳುಗಳ ಊಟ ನೆನಪಾಯಿತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ: ತಪ್ಪು ಮಾಡಿದೆ, ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ಆಳಾಗಿ ಇಟ್ಟುಕೋ.

ಅವನಿನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡ, ಓಡಿದ. ಆ ನಾಡಿನಲ್ಲಿ ಆಸ್ತಿವಂತ ಹಿರಿಯ ಓಡುವುದಿಲ್ಲ. ನಿಲುವಂಗಿ ಎತ್ತಿಹಿಡಿದು, ಕಾಲು ಕಾಣಿಸಿಕೊಂಡು, ಊರಿನವರ ಕಣ್ಣೆದುರು ಓಡುವುದೆಂದರೆ ಮಾನ ಬಿಟ್ಟಂತೆ. ಯಾಕೆ ಓಡಿದ? ಊರು ಮಗನನ್ನು ಮುತ್ತಿಕೊಳ್ಳುವ ಮೊದಲು ತಾನು ಅವನನ್ನು ಮುಟ್ಟಬೇಕಿತ್ತು ಎನ್ನುತ್ತಾರೆ ಬೇಯ್ಲಿ. ನನಗೂ ಅದು ಸರಿ ಎನಿಸುತ್ತದೆ. ಮಾತು ಕೇಳದ ದುಷ್ಟ ಮಗನನ್ನು ತಂದೆತಾಯಿಯೇ ಊರಬಾಗಿಲಿಗೆ ಎಳೆದು ತಂದು, ಊರವರು ಕಲ್ಲೆಸೆದು ಕೊಲ್ಲಬೇಕು ಎಂಬ ವಿಧಿ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ, ಅದಕ್ಕೆ ಸ್ವಲ್ಪ ಮೊದಲು, ಹಿರಿಯನಿಗೆ ಇಮ್ಮಡಿ ಪಾಲು ಎಂಬ ನಿಯಮವೂ ಇದೆ. ಕಲ್ಲು ಬೀಳಬೇಕಾದ ಮೈಯನ್ನು ಈ ಅಪ್ಪ ತನ್ನ ಮೈಯಿಂದ ಮುಚ್ಚಿದ.

ಮಗ ಬಾಯಿಪಾಠ ಒಪ್ಪಿಸತೊಡಗಿದ. ಆಳಾಗಿ ಇಟ್ಟುಕೋ ಎಂಬ ಕೊನೆಯ ಮಾತು ಬಾಯಿಂದ ಹೊರಡಲು ಅಪ್ಪ ಬಿಡಲಿಲ್ಲ. ಅಷ್ಟರಲ್ಲೇ ಒಳ್ಳೆಯ ಅಂಗಿ, ಬೆರಳಿಗೆ ಉಂಗುರ, ಕಾಲಿಗೆ ಕೆರ, ಕೊಬ್ಬಿಸಿದ ಕರು ಎಂದು ಆಳುಗಳಿಗೆ ಹೇಳಿಯಾಗಿತ್ತು.

ಚರ್ಚುಗಳಲ್ಲಿ ಪ್ರಸಂಗ ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತದೆ. ನನ್ನ ಟೇಬಲ್ಲಿನ ಕೆಲಸ ಶುರುವಾಗುವುದು ಇಲ್ಲಿಂದ. ಆ ಕರು ಯಾರದು? ಅಂಗಿ, ಉಂಗುರ ಯಾರವು? ಕಿರಿಯ ತನ್ನ ಮೂರನೆಯ ಒಂದನ್ನು ತೆಗೆದುಕೊಂಡು ಹೋಗಿ ಕರಗಿಸಿಯಾಗಿದೆ. ಮನೆಯಲ್ಲಿ ಉಳಿದ ಪ್ರತಿ ದನ, ಪ್ರತಿ ಮೊಳ ಬಟ್ಟೆ ನಾಳೆ ಹಿರಿಯನಿಗೆ ಸೇರಬೇಕಾದದ್ದು. ಅಂದರೆ ಅವತ್ತಿನ ಹಬ್ಬದೂಟ ಹಿರಿಯನ ಪಾಲಿನ ಖರ್ಚಿನಲ್ಲಿ ನಡೆಯುತ್ತಿದೆ. ಅವನು ಹೊಲದಿಂದ ಬಂದ, ಹಾಡು ಕುಣಿತ ಕೇಳಿದ, ಆಳೊಬ್ಬನನ್ನು ಕರೆದು ವಿಚಾರಿಸಿದ, ಒಳಗೆ ಬರಲೊಲ್ಲೆ ಎಂದ. ಅವನ ಸಿಟ್ಟನ್ನು ಬರಿಯ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರು ವಾಟ್ನಿ ಜಗಳ ನೋಡಿಲ್ಲ. ವರ್ಷಗಟ್ಟಲೆ ದುಡಿದೆ, ಗೆಳೆಯರಿಗೆ ಊಟ ಹಾಕಲು ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂಬ ಅವನ ದೂರು ನನಗೆ ವಾರಕ್ಕೊಮ್ಮೆಯಾದರೂ ಕೇಳಿಸುವ ದೂರು. ಮನೆಯಲ್ಲಿ ಉಳಿದು ಬೆವರು ಸುರಿಸಿದ ಅಣ್ಣ, ಬೆಂಗಳೂರಿಗೆ ಹೋದ ತಮ್ಮ, ಸಾಲ ತೀರಿಸಲು ಹಣ ಕೇಳಿ ಬಂದ ತಮ್ಮನಿಗೆ ಮತ್ತೆ ಮರುಗುವ ಅಪ್ಪ. ಎಷ್ಟೋ ಮನೆಗಳಲ್ಲಿ ಅಣ್ಣ ಆಮೇಲೆ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ.

ಇಲ್ಲಿ ಅಪ್ಪ ಎರಡನೆಯ ಸಲ ಮನೆಯಿಂದ ಹೊರಗೆ ಬರುತ್ತಾನೆ. ಅತಿಥಿಗಳನ್ನು ಊಟಕ್ಕೆ ಕೂರಿಸಿ, ಯಜಮಾನ ಅಂಗಳಕ್ಕೆ ಇಳಿದು ಮಗನನ್ನು ಬೇಡಿಕೊಳ್ಳುತ್ತಾನೆ. ನಿನ್ನ ಮಗ ಎಂದು ಅವನು ತಮ್ಮನನ್ನು ದೂರ ಮಾಡಿ ಮಾತಾಡಿದರೆ, ನಿನ್ನ ತಮ್ಮ ಎಂದು ಅಪ್ಪ ತಿರುಗಿ ಕೊಡುತ್ತಾನೆ. ನನ್ನದೆಲ್ಲ ನಿನ್ನದೇ ಎಂಬುದನ್ನೂ ನೆನಪಿಸುತ್ತಾನೆ; ಅಂದರೆ ವಾಟ್ನಿಯನ್ನು ಮುರಿಯಲಿಲ್ಲ, ಹಿರಿಯನ ಹಕ್ಕಿಗೆ ಚ್ಯುತಿ ಬಂದಿಲ್ಲ. ಅಪ್ಪ ಕೇಳುತ್ತಿರುವುದು ಆ ಹಕ್ಕಿನೊಳಗಿಂದ ತಮ್ಮನಿಗೆ ಒಂದು ಊಟ. ಹಿರಿಯ ಒಳಗೆ ಹೋದನೋ ಇಲ್ಲವೋ, ಯೇಸುಸ್ವಾಮಿ ಹೇಳಲಿಲ್ಲ. ಗೊಣಗಿದ ಫರಿಸಾಯರು ಎದುರಿಗೇ ಇದ್ದರಲ್ಲ, ಉತ್ತರ ಅವರು ಕೊಡಬೇಕಿತ್ತು.

ದೇವರನ್ನು ತಂದೆ ಎನ್ನುವುದು ಯೇಸುವಿನಿಂದಲೇ ಶುರುವಾದದ್ದಲ್ಲ. ಹೋಶೇಯ ಪ್ರವಾದಿಯ ಗ್ರಂಥದಲ್ಲಿ ದೇವರು ಇಸ್ರಾಯೇಲಿಗೆ ತೋಳು ಹಿಡಿದು ನಡೆಯಲು ಕಲಿಸಿದ ಅಪ್ಪ. ಯೆಶಾಯನಲ್ಲಿ ಮಗುವನ್ನು ಸಂತೈಸುವ ತಾಯಿಯೂ ಹೌದು. ಆದರೆ ಪ್ರಾರ್ಥನೆಯಲ್ಲಿ ದಿನವೂ ಹಾಗೇ ಕರೆಯಿರಿ ಎಂದು ಶಿಷ್ಯರಿಗೆ ಕಲಿಸಿಕೊಟ್ಟವನು ಯೇಸು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ, ಈ ಕಷ್ಟ ತಪ್ಪಿಸು ಎಂದು ಬೇಡಿದ್ದೂ ತಂದೆಯೇ ಎಂದು ಕರೆದು. ಕಷ್ಟ ತಪ್ಪಲಿಲ್ಲ, ಆತ ಕರೆಯುವುದನ್ನೂ ಬಿಡಲಿಲ್ಲ.

ಅಪ್ಪ ಎಂದರೆ ಮೈ ನಡುಗುವವರೂ ನಮ್ಮ ನಡುವೆ ಇದ್ದಾರೆ. ಕುಡಿದು ಬಂದು ಬಡಿಯುವ ಅಪ್ಪನ ಮನೆಯಲ್ಲಿ ಬೆಳೆದ ಹುಡುಗಿಗೆ ದೇವರು ಅಪ್ಪನಂತೆ ಎಂದರೆ ಅವಳು ದೇವರಿಗೂ ಹೆದರುತ್ತಾಳೆ. ಆ ಹುಡುಗಿಗೆ ನಾನು ಹಾಗೆ ಹೇಳುವುದಿಲ್ಲ. ಭೂಮಿಯ ಮೇಲೆ ಯಾರನ್ನೂ ತಂದೆ ಎನ್ನಬೇಡಿ, ಪರಲೋಕದಲ್ಲಿರುವ ಒಬ್ಬನೇ ನಿಮಗೆ ತಂದೆ ಎಂಬರ್ಥದ ಮಾತನ್ನು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿದೆ. ನಮ್ಮ ಅಪ್ಪಂದಿರನ್ನು ನೋಡಿ ದೇವರನ್ನು ಅಳೆಯುವುದಲ್ಲ, ಆ ತಂದೆಯನ್ನು ನೋಡಿ ಈ ಅಪ್ಪಂದಿರನ್ನು ಅಳೆಯಬೇಕು. ನಿನ್ನ ಅಪ್ಪ ಮಾಡಿದ್ದು ತಪ್ಪು ಎಂದು ಆ ಹುಡುಗಿಗೆ ದೇವರ ಹೆಸರಿನಲ್ಲೇ ಹೇಳಬಹುದು.

ಸಂತ ಪೌಲನಿಗೆ ದೇವರಿಗೂ ನಮಗೂ ಇರುವ ಈ ತಂದೆ-ಮಕ್ಕಳ ನಂಟನ್ನು ವಿವರಿಸಲು ಬೇಕಾದ ಮಾತು ಸಿಕ್ಕಿದ್ದು ದತ್ತಕದಲ್ಲಿ. ರೋಮಿನ ವಿಶ್ವಾಸಿಗಳಿಗೆ ಅವನು ಪತ್ರ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ಆಗ ಸಿಂಹಾಸನದ ಮೇಲಿದ್ದ ನೀರೋ ಸ್ವತಃ ದತ್ತು ಮಗ. ಕ್ಲೌದಿಯ ಚಕ್ರವರ್ತಿ ಅವನನ್ನು ದತ್ತು ತೆಗೆದುಕೊಂಡದ್ದು 50ರಲ್ಲಿ. ದತ್ತು ಬಂದವನು ಪೂರ್ತಿ ವಾರಸುದಾರನೆಂದು ರೋಮಿನ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ನೀವು ದೇವರ ಮನೆಗೆ ದತ್ತು ಬಂದವರು, ಕ್ರಿಸ್ತನ ಜೊತೆ ಸಮಪಾಲಿನ ವಾರಸುದಾರರು ಎಂದು ಪೌಲ ಗುಲಾಮರಿಗೂ ಬರೆದ. ಇದರ ತೂಕ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ದತ್ತು ಮಗನ ಹಕ್ಕನ್ನು ಕಂಪನಿ ಸರ್ಕಾರ ಒಪ್ಪದೆ ಹೋದದ್ದಕ್ಕೇ ಅಲ್ಲವೇ 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತದ್ದು.

ವಾರಸಾ ಹಕ್ಕು ಕಳೆದುಕೊಂಡ ಕಥೆ ನಮ್ಮ ಮನೆಯಲ್ಲೂ ಇದೆ. ಕ್ರೈಸ್ತ ಮತ ಸಾರುವ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ದೀಕ್ಷಾಸ್ನಾನ ಪಡೆದವನು ಜಾತಿಯಿಂದ ಹೊರಗೆ, ಜಾತಿ ಹೋದರೆ ಪಾಲೂ ಹೋಯಿತು. ಮತ ಬಿಟ್ಟ ಮಾತ್ರಕ್ಕೆ ವಾರಸಾ ಹಕ್ಕು ಕಳೆಯಬಾರದೆಂದು ಕಂಪನಿ ಸರ್ಕಾರ ಕಾಯ್ದೆ ತಂದದ್ದು 1850ರಲ್ಲಿ. ಕಾಗದದ ಮೇಲೆ ಹಕ್ಕು ಬಂತು, ಮನೆಯ ಬಾಗಿಲು ತೆರೆಯಲಿಲ್ಲ. ಹಾಗೆ ಹೊರಬಿದ್ದವರಿಗೆ ದುಡಿಮೆ ಬೇಕೆಂದೇ ಮಿಶನ್ನಿನವರು ನೇಯ್ಗೆ ಶುರುಮಾಡಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ನಮ್ಮ ಹಿರೀಕರು ನೇಕಾರರು. ದೀಕ್ಷಾಸ್ನಾನ ಪಡೆದ ಮುತ್ತಜ್ಜನಿಗೆ ಅವರಪ್ಪ ಎಳ್ಳುನೀರು ಬಿಟ್ಟರಂತೆ, ಅವನ ಮಗ್ಗ ತಮ್ಮನಿಗೆ ಹೋಯಿತಂತೆ. ಕೋರ್ಟಿಗೆ ಹೋಗಲಿಲ್ಲ. ಕಂಡವರ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು, ಲಾಳಿ ಹೊಡೆಯುವ ಮೊದಲು ಯೇಸು ಕಲಿಸಿದ ಆ ಕರ್ತನ ಪ್ರಾರ್ಥನೆ ಹೇಳುತ್ತಿದ್ದನೆಂದು ನಮ್ಮಜ್ಜಿ ಹೇಳುತ್ತಿದ್ದಳು. ಹೆತ್ತಪ್ಪನೇ ಸತ್ತವನೆಂದು ಲೆಕ್ಕ ಹಾಕಿದ್ದ ಆ ಮನುಷ್ಯ ಪರಲೋಕದ ತಂದೆಯನ್ನು ಕರೆಯುವಾಗ ಅವನ ಎದೆಯಲ್ಲಿ ಏನಾಗುತ್ತಿತ್ತು ಎಂದು ನಾನು ಬಹಳ ಯೋಚಿಸಿದ್ದೇನೆ. ಆ ಪ್ರಾರ್ಥನೆಯಿಂದಲೇ ಅವನು ಬದುಕಿದ ಎಂದು ನಂಬಿದ್ದೇನೆ.

ಇಷ್ಟು ಹೇಳಿದ ಮೇಲೆ ನಮ್ಮವರಿಗೇ ಹೇಳಬೇಕಾದ ಒಂದು ಮಾತಿದೆ. ಯೆಹೂದ್ಯ, ಗ್ರೀಕ ಎಂದಿಲ್ಲ, ಆಳು, ಒಡೆಯ ಎಂದಿಲ್ಲ, ಗಂಡು, ಹೆಣ್ಣು ಎಂದಿಲ್ಲ, ಕ್ರಿಸ್ತನಲ್ಲಿ ಎಲ್ಲರೂ ಹಕ್ಕುದಾರರು ಎಂಬುದು ಪೌಲ ಗಲಾತ್ಯದವರಿಗೆ ಬರೆದ ಪತ್ರದ ಸಾರ. ಆದರೂ ತಿರುವಾಂಕೂರಿನ ಕ್ರೈಸ್ತ ವಾರಸಾ ಕಾನೂನಿನಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ತನಕ ಹೋಗಿ 1986ರಲ್ಲಿ ಗೆದ್ದ ಮೇಲೆ ಅಲ್ಲಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸಿತು. ಆ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ನಮ್ಮ ಕರ್ನಾಟಕದ ಕ್ರೈಸ್ತರಿಗೂ ಅದೇ ಕಾಯ್ದೆ. ಆದರೂ ಮದುವೆಗೆ ಖರ್ಚು ಮಾಡಿದ್ದೇವೆ, ಅವಳಿಗಿನ್ನೇನು ಎಂದು ಮಗಳಿಂದ ಹಕ್ಕುಬಿಡುಗಡೆ ಬರೆಸಲು ನಮ್ಮ ಸಭೆಯವರೂ ಬರುತ್ತಾರೆ. ಅವತ್ತು ಬೆಳಗ್ಗೆ ಕರ್ತನ ಪ್ರಾರ್ಥನೆ ಹೇಳಿಯೇ ಬಂದಿರುತ್ತಾರೆ. ಅಂಥ ಮನೆಯ ಕಾಗದ ಕೈಗೆ ಬಂದಾಗ ನಾನು ಮಗಳನ್ನು ಒಬ್ಬಳನ್ನೇ ಕೂರಿಸಿ, ಅವಳಿಗೆ ಬರಬೇಕಾದ ಪಾಲು ಎಷ್ಟೆಂದು ಲೆಕ್ಕ ಬರೆದು ತೋರಿಸುತ್ತೇನೆ. ಅಪ್ಪನಿಗೂ ಅದನ್ನೇ ತೋರಿಸಿ, ಮಗಳ ಹೆಸರು ಸೇರಿಸೂಣೇನ್ರಿ ಎಂದು ಕೇಳುತ್ತೇನೆ. ಕೆಲವರು ಸೇರಿಸುತ್ತಾರೆ. ಕೆಲವರು ಕಾಗದ ಎತ್ತಿಕೊಂಡು ಬೇರೆ ಬರಹಗಾರರ ಹತ್ತಿರ ಹೋಗುತ್ತಾರೆ.